ಅದ್ಭುತ–ಭಯಾನಕ ಸಾಹಿತ್ಯದ ಕಿರುಪ್ರಕಾಶನ

ಅದ್ಭುತ–ಭಯಾನಕ ಸಾಹಿತ್ಯದ ಕಿರುಪ್ರಕಾಶನ ಎಂಬುದು ಲೋಕಾತೀತ ಕಲ್ಪನೆ, ಮಾಯಾಲೋಕ, ಭೂತಪ್ರೇತ, ಮಾಟಮಂತ್ರ ಮುಂತಾದವುಗಳನ್ನು ವಸ್ತುವಾಗಿ ಉಳ್ಳ ಕಥೆ–ಕಾದಂಬರಿಗಳನ್ನು ಒಬ್ಬಿಬ್ಬರು ವ್ಯಕ್ತಿಗಳು ಅಲ್ಪ ಬಂಡವಾಳದಿಂದ, ದೊಡ್ಡ ಸಂಸ್ಥೆಗಳ ಆಶ್ರಯವಿಲ್ಲದೆ ಪ್ರಕಟಿಸುವ ಕಾರ್ಯ. ಕನ್ನಡದಲ್ಲಿ ಈ ಬಗೆಯ ಬರವಣಿಗೆಗೆ ಓದುಗರ ಕೊರತೆ ಎಂದೂ ಇರಲಿಲ್ಲ. ಅದನ್ನು ಅಚ್ಚುಹಾಕಿದವರೂ ಇದ್ದರು. ಆದರೆ ಅಚ್ಚಾದ ಪುಸ್ತಕಗಳನ್ನು ಕಾಪಾಡುವ ವ್ಯವಸ್ಥೆ ಇತರ ಪ್ರಕಾರಗಳಿಗೆ ದೊರೆತಷ್ಟು ಇದಕ್ಕೆ ದೊರೆಯಲಿಲ್ಲ. ಆದ್ದರಿಂದ ಹೊಸ ಕೃತಿಯನ್ನು ಹೊರತರುವುದರ ಜೊತೆಗೆ ಹಳೆಯದನ್ನು ಹುಡುಕಿ ಉಳಿಸುವುದೂ ಇಲ್ಲಿನ ಕಿರುಪ್ರಕಾಶಕನ ಪಾಲಿಗೆ ಬಂದಿದೆ. ಈ ಲೇಖನವು ಕರ್ನಾಟಕದ, ವಿಶೇಷವಾಗಿ ಕೊಡಗು ಜಿಲ್ಲೆಯ ಸಂದರ್ಭದಲ್ಲಿ ಈ ಕೆಲಸದ ಹಿನ್ನೆಲೆ, ಕ್ರಮ ಮತ್ತು ತೊಡಕುಗಳನ್ನು ವಿವರಿಸುತ್ತದೆ.

ಹೆಸರು ಮತ್ತು ವ್ಯಾಪ್ತಿ

ಅದ್ಭುತ ಮತ್ತು ಭಯಾನಕ ಎಂಬ ಎರಡು ಪದಗಳೂ ಭಾರತೀಯ ಕಾವ್ಯಮೀಮಾಂಸೆಯ ರಸಗಳ ಹೆಸರುಗಳು. ಮೊದಲನೆಯದರ ಸ್ಥಾಯಿಭಾವ ವಿಸ್ಮಯ, ಎರಡನೆಯದರದು ಭಯ. ಇಂಗ್ಲಿಷಿನಲ್ಲಿ ಫ್ಯಾಂಟಸಿ ಮತ್ತು ಹಾರರ್ ಎಂದು ಕರೆಯುವ ಪ್ರಕಾರಗಳಿಗೆ ಇವು ಸರಿಸುಮಾರು ಹೊಂದುತ್ತವೆ. ಕನ್ನಡದ ಪುಸ್ತಕ ವ್ಯಾಪಾರದಲ್ಲಿ ಮಾತ್ರ ಈ ವಿಂಗಡಣೆ ಸ್ಪಷ್ಟವಾಗಿ ಬಳಕೆಗೆ ಬಂದಿಲ್ಲ. ದೆವ್ವದ ಕಥೆ, ಮಾಟದ ಕಾದಂಬರಿ, ರೋಚಕ ಕಾದಂಬರಿ, ವೈಜ್ಞಾನಿಕ ಕಾದಂಬರಿ ಎಲ್ಲವೂ ಬಹುಕಾಲ ‘ಪತ್ತೇದಾರಿ’ ಎಂಬ ಒಂದೇ ಕಪಾಟಿನಲ್ಲಿ ಕುಳಿತಿದ್ದವು. ಗ್ರಂಥಾಲಯದ ಪಟ್ಟಿಗಳಲ್ಲಿ ಇವನ್ನು ಹುಡುಕುವವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಹೊರನಾಡಿನ ನಿದರ್ಶನಗಳು

ಈ ಪ್ರಕಾರದ ಕಿರುಪ್ರಕಾಶನಕ್ಕೆ ಸಾಮಾನ್ಯವಾಗಿ ಉದಾಹರಿಸುವ ಸಂಸ್ಥೆ ಅಮೆರಿಕದ ಆರ್ಕಮ್ ಹೌಸ್. ಎಚ್. ಪಿ. ಲವ್‌ಕ್ರಾಫ್ಟ್ ೧೯೩೭ರಲ್ಲಿ ತೀರಿಕೊಂಡಾಗ ಅವನ ಕಥೆಗಳು ಬಹುಪಾಲು ಅಗ್ಗದ ಪತ್ರಿಕೆಗಳಲ್ಲಿ ಚದುರಿಹೋಗಿದ್ದವು. ದೊಡ್ಡ ಪ್ರಕಾಶಕರು ಸಂಕಲನ ತರಲು ಒಪ್ಪದಿದ್ದಾಗ ಆಗಸ್ಟ್ ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೆ ಎಂಬ ಇಬ್ಬರು ಲೇಖಕರು ೧೯೩೯ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಸಾಕ್ ಸಿಟಿ ಎಂಬ ಚಿಕ್ಕ ಊರಿನಲ್ಲಿ ತಾವೇ ಸಂಸ್ಥೆಯೊಂದನ್ನು ತೆರೆದರು. ಡರ್ಲೆತ್ ಮನೆ ಕಟ್ಟಲು ಪಡೆದ ಸಾಲದ ಹಣವೂ ಅದಕ್ಕೆ ವಿನಿಯೋಗವಾಯಿತು. ಮೊದಲ ಪುಸ್ತಕದ ೧೨೬೮ ಪ್ರತಿಗಳು ಅಚ್ಚಾದವು. ಅವು ಮಾರಿಹೋಗಲು ಸುಮಾರು ನಾಲ್ಕು ವರ್ಷ ಹಿಡಿಯಿತು. ಲವ್‌ಕ್ರಾಫ್ಟ್ ಇಂದು ಜಗತ್ತಿನಾದ್ಯಂತ ಓದಿಗೆ ಸಿಗುತ್ತಿರುವುದರಲ್ಲಿ ಆ ಸಾವಿರ ಚಿಲ್ಲರೆ ಪ್ರತಿಗಳ ಪಾತ್ರ ಸಣ್ಣದಲ್ಲ.

ಭಾರತದಲ್ಲಿ ಚೆನ್ನೈನ ಬ್ಲಾಫ್ಟ್ ಪಬ್ಲಿಕೇಷನ್ಸ್ ಹತ್ತಿರದ ನಿದರ್ಶನ. ಅದು ೨೦೦೮ರಲ್ಲಿ ತಮಿಳಿನ ಜನಪ್ರಿಯ ಅಗ್ಗದ ಕಾದಂಬರಿ–ಕಥೆಗಳ ಇಂಗ್ಲಿಷ್ ಸಂಕಲನವನ್ನು ಹೊರತಂದು, ವಿಮರ್ಶಕರು ಕಡೆಗಣಿಸಿದ್ದ ಲೇಖಕರನ್ನು ಹೊಸ ಓದುಗರಿಗೆ ಪರಿಚಯಿಸಿತು. ೨೦೨೦ರಲ್ಲಿ ಭಾರತದ ದೆವ್ವ, ಪಿಶಾಚಿ, ರಾಕ್ಷಸರ ಬಗೆಗಿನ ಕೋಶವೊಂದನ್ನೂ ಪ್ರಕಟಿಸಿತು.

ಕನ್ನಡದಲ್ಲಿ ಲೇಖಕ–ಪ್ರಕಾಶಕ ಪರಂಪರೆ

ಕನ್ನಡದಲ್ಲಿ ಕಿರುಪ್ರಕಾಶನ ಹೊಸ ಕಲ್ಪನೆಯಲ್ಲ. ‘ಗಳಗನಾಥ’ ಎಂಬ ಹೆಸರಿನಲ್ಲಿ ಬರೆದ ವೆಂಕಟೇಶ ತಿರಕೋ ಕುಲಕರ್ಣಿ (೧೮೬೯–೧೯೪೨) ಹಾವೇರಿ ಸೀಮೆಯಲ್ಲಿದ್ದುಕೊಂಡು ಐತಿಹಾಸಿಕ ಕಾದಂಬರಿಗಳನ್ನು ಬರೆದರು, ಪ್ರಕಟಿಸಿದರು, ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಮುಂದಿನ ತಲೆಮಾರಿನ ದೊಡ್ಡ ಲೇಖಕರಲ್ಲಿ ಹಲವರು ತಮ್ಮ ಪುಸ್ತಕಗಳನ್ನು ತಾವೇ ತಂದುಕೊಂಡವರು. ಮೈಸೂರಿನ ಉದಯರವಿ ಪ್ರಕಾಶನ ಕುವೆಂಪು ಅವರದು. ಪುತ್ತೂರಿನ ಹರ್ಷ ಪ್ರಕಟಣಾಲಯ ಶಿವರಾಮ ಕಾರಂತರದು. ಬೆಂಗಳೂರಿನ ಜೀವನ ಕಾರ್ಯಾಲಯ ಮಾಸ್ತಿ ವೆಂಕಟೇಶ ಅಯ್ಯಂಗಾರರದು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು ೧೯೩೩ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಮುಂಚಿತವಾಗಿ ಕೂಡಿಸಿಕೊಂಡು ಪುಸ್ತಕ ಹೊರತರುವ ಪದ್ಧತಿಯನ್ನು ಗಟ್ಟಿಗೊಳಿಸಿತು. ಮುಂಗಡ ಹಣದಿಂದ ಕಾಗದ ಕೊಳ್ಳುವುದು, ಅಚ್ಚಾದೊಡನೆ ಅಂಚೆಯಲ್ಲಿ ಕಳುಹಿಸುವುದು ಎಂಬ ಆ ಕ್ರಮವೇ ಇಂದಿಗೂ ಕಿರುಪ್ರಕಾಶಕರ ಆಧಾರ. ಈಗ ಅದು ಮೊಬೈಲಿನ ಮೂಲಕ ನಡೆಯುತ್ತದೆ, ಅಷ್ಟೇ.

ಅದ್ಭುತ ವಸ್ತುವಿಗೆ ಕನ್ನಡದ ಗಂಭೀರ ಸಾಹಿತ್ಯ ಬಾಗಿಲು ಮುಚ್ಚಿತ್ತೆಂದು ಹೇಳಲಾಗದು. ಬೇತಾಳ ಕಥೆಯೊಂದರಿಂದ ಹುಟ್ಟಿದ ಗಿರೀಶ ಕಾರ್ನಾಡರ ‘ಹಯವದನ’ವನ್ನು ಪ್ರಕಟಿಸಿದ್ದು ಇದೇ ಮನೋಹರ ಗ್ರಂಥಮಾಲೆ. ಕಾರಂತರ ‘ಮೂಕಜ್ಜಿಯ ಕನಸುಗಳು’ (೧೯೬೮) ಕಾದಂಬರಿಯ ಅಜ್ಜಿಗೆ ವಸ್ತುವನ್ನು ಮುಟ್ಟಿದೊಡನೆ ಅದರ ಹಿಂದಿನ ಕಾಲ ಕಾಣುವ ಶಕ್ತಿ ಇದೆ. ಆದರೆ ಅದೇ ಬೇತಾಳ ‘ಚಂದಮಾಮ’ದ ಪುಟಗಳಲ್ಲಿ ತಿಂಗಳು ತಿಂಗಳೂ ಮರಕ್ಕೆ ಹಾರಿಹೋಗುತ್ತಿದ್ದಾಗ ಅದು ಮಕ್ಕಳ ಓದು, ಬಾಡಿಗೆಯ ಕಾದಂಬರಿಯಲ್ಲಿ ಕಾಣಿಸಿಕೊಂಡಾಗ ಕಾಲಹರಣದ ಓದು. ಮೇಲಿನ ಶೆಲ್ಫು ಕೆಳಗಿನ ಶೆಲ್ಫು ಎಂಬ ಈ ಭೇದ ಬರವಣಿಗೆಯ ಗುಣವನ್ನು ಮಾತ್ರ ನೋಡಿ ಆದದ್ದಲ್ಲ. ಪುಸ್ತಕ ಯಾವ ಕಾಗದದಲ್ಲಿ ಅಚ್ಚಾಯಿತು, ಎಲ್ಲಿ ಮಾರಾಟವಾಯಿತು ಎಂಬುದೂ ಅದನ್ನು ನಿರ್ಧರಿಸಿತು.

ಬಾಡಿಗೆ ಗ್ರಂಥಾಲಯಗಳ ಕಾಲ

೧೯೫೦ರ ದಶಕದಿಂದ ಮೂರು ದಶಕಗಳ ಕಾಲ ಕರ್ನಾಟಕದ ಪಟ್ಟಣಗಳಲ್ಲಿ ‘ಸರ್ಕ್ಯುಲೇಟಿಂಗ್ ಲೈಬ್ರರಿ’ ಎಂಬ ಬಾಡಿಗೆ ಗ್ರಂಥಾಲಯಗಳು ವ್ಯಾಪಕವಾಗಿದ್ದವು. ಠೇವಣಿ ಇಟ್ಟು, ದಿನಕ್ಕೆ ಕೆಲವು ಪೈಸೆ ಕೊಟ್ಟು ಕಾದಂಬರಿ ಒಯ್ಯಬಹುದಾಗಿತ್ತು. ಪತ್ತೇದಾರಿ ಮಾಲೆಗಳ ಮುಖ್ಯ ಗ್ರಾಹಕರು ಇವೇ. ಎನ್. ನರಸಿಂಹಯ್ಯ (೧೯೨೫–೨೦೧೧) ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಪತ್ತೇದಾರ ಪುರುಷೋತ್ತಮನಂಥ ಅವರ ಪಾತ್ರಗಳು ಮನೆಮಾತಾಗಿದ್ದವು. ಮ. ರಾಮಮೂರ್ತಿ (೧೯೧೮–೧೯೬೭) ನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳ ಕರ್ತೃ. ಹಳದಿ–ಕೆಂಪು ಕನ್ನಡ ಬಾವುಟವನ್ನು ರೂಪಿಸಿದವರೂ ಅವರೇ. ಬಾವುಟ ಪ್ರತಿ ನವೆಂಬರಿನಲ್ಲೂ ಹಾರುತ್ತದೆ; ಅವರ ಕಾದಂಬರಿಗಳನ್ನು ಹುಡುಕಿದವರಿಗೆ ಮಾತ್ರ ಅವು ಸುಲಭವಾಗಿ ದೊರೆಯುವುದಿಲ್ಲ.

ಇದಕ್ಕೆ ಕಾರಣ ಆ ಪುಸ್ತಕಗಳ ಬಾಳಿನಲ್ಲೇ ಇದೆ. ಅವು ಅಗ್ಗದ ಕಾಗದದ ಮೇಲೆ ಅಚ್ಚಾದವು. ಬಾಡಿಗೆಗೆ ಹೋಗಿ ಹೋಗಿ ಹರಿದವು. ಹರಿದದ್ದನ್ನು ಅಂಗಡಿಯವನು ರದ್ದಿಗೆ ಹಾಕಿ ಹೊಸದನ್ನು ತಂದನು. ಹತ್ತಾರು ಜನ ಓದಿದ ಪುಸ್ತಕ ಯಾರ ಮನೆಯಲ್ಲೂ ಉಳಿಯಲಿಲ್ಲ. ದೂರದರ್ಶನ ಬಂದ ಮೇಲೆ ಬಾಡಿಗೆ ಗ್ರಂಥಾಲಯಗಳು ಒಂದೊಂದಾಗಿ ಮುಚ್ಚಿದಾಗ ಅವುಗಳ ಸಂಗ್ರಹವೂ ಚದುರಿತು. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಇಂಥ ಕೃತಿಗಳನ್ನು ಕೊಳ್ಳುವುದು ವಿರಳವಾಗಿತ್ತು.

ಭಯಾನಕ ಪ್ರಕಾರ ತನ್ನದೇ ಹೆಸರಿನಿಂದ ದೊಡ್ಡ ಪ್ರಮಾಣದಲ್ಲಿ ಓದಿಸಿಕೊಂಡದ್ದು ೧೯೮೦ರ ದಶಕದಲ್ಲಿ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ‘ತುಳಸೀದಳ’ ವಂಶಿಯವರ ಅನುವಾದದಲ್ಲಿ ಕನ್ನಡಕ್ಕೆ ಬಂದಿತು. ೧೯೮೫ರಲ್ಲಿ ಅದು ಅದೇ ಹೆಸರಿನ ಕನ್ನಡ ಚಲನಚಿತ್ರವೂ ಆಯಿತು. ಅನಂತರದ ಕಾಲದಲ್ಲಿ ಲೇಖಕ–ಪ್ರಕಾಶಕ ಪರಂಪರೆಯನ್ನು ಈ ಪ್ರಕಾರಕ್ಕೆ ತಂದವರೆಂದರೆ ಪತ್ರಕರ್ತ ರವಿ ಬೆಳಗೆರೆ (೧೯೫೮–೨೦೨೦). ಮಾಟ, ವಾಮಾಚಾರಗಳ ವಸ್ತುವುಳ್ಳ ‘ಮಾಟಗಾತಿ’, ‘ಸರ್ಪ ಸಂಬಂಧ’ ಮೊದಲಾದ ಕಾದಂಬರಿಗಳು ಅವರದೇ ಭಾವನಾ ಪ್ರಕಾಶನದಿಂದ ಹೊರಬಂದವು. ತಮ್ಮ ವಾರಪತ್ರಿಕೆಯ ಓದುಗರನ್ನೇ ಪುಸ್ತಕದ ಓದುಗರನ್ನಾಗಿ ಮಾಡಿಕೊಂಡದ್ದು ಅವರ ಯಶಸ್ಸಿನ ಗುಟ್ಟು. ಪತ್ರಿಕೆಯಿಲ್ಲದ ಪ್ರಕಾಶಕನಿಗೆ ಆ ಅನುಕೂಲವಿರುವುದಿಲ್ಲ.

ಕೊಡಗಿನ ಸಂದರ್ಭ

ಕೊಡಗು ೧೯೫೬ರ ನವೆಂಬರ್ ೧ರವರೆಗೆ ಪ್ರತ್ಯೇಕ ರಾಜ್ಯವಾಗಿತ್ತು. ಜಿಲ್ಲೆಯಲ್ಲಿ ಇಂದಿಗೂ ರೈಲುಮಾರ್ಗವಿಲ್ಲ. ಅಚ್ಚಿನ ಕೆಲಸ ಮೈಸೂರು, ಮಂಗಳೂರು ಅಥವಾ ಬೆಂಗಳೂರಿನಲ್ಲಿ ಮುಗಿದರೆ ಪ್ರತಿಗಳು ಘಟ್ಟದ ರಸ್ತೆಯಲ್ಲೇ ಬರಬೇಕು. ಹಾಗಿದ್ದೂ ಕೊಡಗಿನ ಮುದ್ರಿತ ಸಾಹಿತ್ಯದ ಆಧಾರಸ್ತಂಭ ಒಬ್ಬ ವ್ಯಕ್ತಿಯ ಶ್ರಮದ ಫಲ. ನಡಿಕೇರಿಯಂಡ ಚಿಣ್ಣಪ್ಪ (೧೮೭೫–೧೯೩೧) ಹಾಡುಗಾರರ ಬಾಯಿಂದ ಜನಪದ ಗೀತೆ, ಕಥನ, ಆಚರಣೆಗಳನ್ನು ಸಂಗ್ರಹಿಸಿ ೧೯೨೪ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದರು. ಕೊಡವ ತಕ್ಕನ್ನು ಕನ್ನಡ ಲಿಪಿಯಲ್ಲಿ ಅಚ್ಚುಹಾಕುವ ರೂಢಿಗೆ ಈ ಗ್ರಂಥ ದೊಡ್ಡ ಬಲ ನೀಡಿತು. ದೇವರುಗಳ ಹುಟ್ಟು, ವೀರರ ಸಾವು, ಪವಾಡಗಳು ತುಂಬಿರುವ ಅದು ಇಂದಿಗೂ ಅದ್ಭುತ ಕಥನಕಾರರ ಮೊದಲ ಆಕರ. ಮಕ್ಕಳ ಸಾಹಿತ್ಯದ ಪಂಜೆ ಮಂಗೇಶರಾಯರು (೧೮೭೪–೧೯೩೭) ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಕಥೆ–ಹಾಡುಗಳನ್ನು ಮಕ್ಕಳ ಕೈಗೆ ತಲುಪಿಸಲು ಮಂಗಳೂರಿನಲ್ಲಿ ಅವರು ನಡೆಸಿದ ಬಾಲಸಾಹಿತ್ಯ ಮಂಡಲವೂ ಒಂದು ಕಿರುಪ್ರಕಾಶನವೇ. ಕೊಡಗಿನ ಕೊನೆಯ ಅರಸನನ್ನು ಕುರಿತ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (೧೯೫೬) ಐತಿಹಾಸಿಕ ಕಾದಂಬರಿಯಾದರೂ, ಅರಮನೆಯ ಕ್ರೌರ್ಯ ಮತ್ತು ಭೀತಿಯ ಚಿತ್ರಣದಲ್ಲಿ ಅನೇಕ ಭಯಾನಕ ಕಾದಂಬರಿಗಳನ್ನು ಮೀರಿಸುತ್ತದೆ.

ಕಾಡು, ಮಂಜು, ಒಂಟಿ ಮನೆ, ಎಡೆಬಿಡದ ಮಳೆ: ದೆವ್ವದ ಕಥೆಗೆ ಬೇಕಾದ ಸಾಮಗ್ರಿಯೆಲ್ಲ ಕೊಡಗಿನಲ್ಲಿದೆ ಎಂದು ಹೊರಗಿನವರಿಗೆ ತೋರುತ್ತದೆ. ಒಳಗಿನವರಿಗೆ ವಿಷಯ ಅಷ್ಟು ಸರಳವಲ್ಲ. ಕೊಡವರಲ್ಲಿ ಸತ್ತ ಹಿರಿಯ ‘ಕಾರಣ’ನಾಗುತ್ತಾನೆ. ಒಕ್ಕದ ಐನ್‌ಮನೆಯ ಬಳಿ ಕೈಮಡದಲ್ಲಿ ಅವನಿಗೆ ಎಡೆ ಸಲ್ಲುತ್ತದೆ. ಅವನು ವಂಶವನ್ನು ಕಾಯುವವನು. ಸತ್ತವನು ತಿರುಗಿ ಬರುವುದೇ ಭೀತಿಗೆ ಮೂಲ ಎಂಬ ಪಾಶ್ಚಾತ್ಯ ಭೂತಕಥೆಯ ಸೂತ್ರ ಇಲ್ಲಿ ತಲೆಕೆಳಗಾಗುತ್ತದೆ. ಹಿರಿಯನು ಬಾರದಿರುವುದೇ ಇಲ್ಲಿ ಆತಂಕದ ಸಂಗತಿ. ಹಾಗೆಯೇ ಕುಟ್ಟಿಚಾತ, ಪಾಷಾಣಮೂರ್ತಿ ಮೊದಲಾದ ಶಕ್ತಿಗಳು ಇಂದಿಗೂ ಆರಾಧನೆಗೆ ಪಾತ್ರವಾಗಿರುವವು. ತೆರೆಯ ರಾತ್ರಿ ಮೈಮೇಲೆ ಬಂದು ಮಾತನಾಡುವವು. ಜಿಲ್ಲೆಯಲ್ಲಿರುವ ಸಾವಿರಕ್ಕೂ ಹೆಚ್ಚು ದೇವರಕಾಡುಗಳಲ್ಲಿ ಮರ ಕಡಿಯಬಾರದೆಂಬ ಕಟ್ಟಳೆಯನ್ನು ಕಾಪಾಡಿದ್ದು ದೈವದ ಭಯವೇ. ಆ ಭಯ ಸಡಿಲಿದಂತೆ ಒತ್ತುವರಿ ಹೆಚ್ಚಿತು. ಇಂಥ ದೈವವನ್ನು ರಕ್ತ ಹೀರುವ ಪಿಶಾಚಿಯನ್ನಾಗಿ ಮುಖಪುಟಕ್ಕೆ ತಂದರೆ ಅದು ಕೇವಲ ಅಭಿರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ; ನೆರೆಯವರ ನಂಬಿಕೆಯ ಪ್ರಶ್ನೆಯಾಗುತ್ತದೆ. ಸಂಪಾದಕನು ಹಸ್ತಪ್ರತಿಯನ್ನು ಆ ದೈವವನ್ನು ನಡೆಸಿಕೊಡುವ ಕುಟುಂಬದವರೊಬ್ಬರಿಗೆ ಓದಿಸುವುದು ಅಪೇಕ್ಷಣೀಯ.

ಕಥೆ ಯಾರದು ಎಂಬ ಪ್ರಶ್ನೆಯೂ ಇದರೊಂದಿಗೆ ಬರುತ್ತದೆ. ಕಾಡಿನ ಕಥೆಗಳ ದೊಡ್ಡ ಭಂಡಾರ ಯರವ, ಜೇನುಕುರುಬ ಸಮುದಾಯಗಳ ಹಿರಿಯರ ನೆನಪಿನಲ್ಲಿದೆ. ಕಾಫಿ ತೋಟದ ಲೈನ್‌ಮನೆಯಲ್ಲಿ ಕೇಳಿದ ಕಥೆಯನ್ನು ತೋಟದ ಮನೆಯವರು ತಮ್ಮ ಹೆಸರಿನಲ್ಲಿ ಅಚ್ಚುಹಾಕಿಸಿದರೆ ಕಾನೂನಿನ ಅಡ್ಡಿ ಇರಲಾರದು, ಏಕೆಂದರೆ ಮೌಖಿಕ ಪರಂಪರೆಗೆ ಹಕ್ಕುಸ್ವಾಮ್ಯ ಕಾಯಿದೆಯ ರಕ್ಷಣೆ ಬಹುಮಟ್ಟಿಗೆ ಇಲ್ಲ. ಆದರೂ ಹೇಳಿದವರ ಹೆಸರನ್ನು ಅವರ ಒಪ್ಪಿಗೆಯಿಂದ ನಮೂದಿಸುವುದು, ಗೌರವಧನ ಸಲ್ಲಿಸುವುದು ನ್ಯಾಯ.

ಕೊಡವ ತಕ್ಕಿಗೆ ೧೯೯೪ರಿಂದ, ಅರೆಭಾಷೆಗೆ ೨೦೧೧ರಿಂದ ಸರ್ಕಾರದ ಅಕಾಡೆಮಿಗಳಿವೆ. ಎರಡೂ ಭಾಷೆಗಳಲ್ಲಿ ಕನ್ನಡ ಲಿಪಿಯಲ್ಲಿಯೇ ಪುಸ್ತಕಗಳು ಬರುತ್ತವೆ. ಆದ್ದರಿಂದ ಮಡಿಕೇರಿಯ ಕಿರುಪ್ರಕಾಶಕನೊಬ್ಬ ಒಂದೇ ಅಕ್ಷರಜೋಡಣೆಯ ವ್ಯವಸ್ಥೆಯಿಂದ ಮೂರು ಭಾಷೆಗಳಲ್ಲಿ ಕೆಲಸ ಮಾಡಬಹುದು. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮಡಿಕೇರಿಯಲ್ಲಿ ೧೯೩೨, ೧೯೮೧ ಮತ್ತು ೨೦೧೪ರಲ್ಲಿ ನಡೆದಿದೆ. ಸಮ್ಮೇಳನದ ಪುಸ್ತಕ ಮಳಿಗೆಯ ಮೂರು ದಿನಗಳಲ್ಲಿ ಆಗುವ ಮಾರಾಟವನ್ನು ಅಂಗಡಿಯ ಮೂಲಕ ಸಾಧಿಸಲು ಸಣ್ಣ ಸಂಸ್ಥೆಗೆ ತಿಂಗಳುಗಳೇ ಬೇಕಾಗುತ್ತವೆ.

ಮಳೆಯ ಬಗ್ಗೆ ಒಂದು ಮಾತು. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ ೩೦೦೦ ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟು ಬಿಚ್ಚದ ಪ್ರತಿಗಳಿಗೂ ಬೂಷ್ಟು ಹಿಡಿಯುತ್ತದೆ, ಅಂಟಿನ ಬೆನ್ನು ಬಿಡುತ್ತದೆ, ಬೆಳ್ಳಿಹುಳು ಮುಖಪುಟ ಕೆರೆಯುತ್ತದೆ. ದಾಸ್ತಾನನ್ನು ನೆಲದಿಂದ ಎತ್ತರದಲ್ಲಿ, ಗೋಡೆಗೆ ತಾಗದಂತೆ ಇಡಬೇಕು. ಮಳೆಗಾಲಕ್ಕೆ ಮೊದಲೇ ಹೆಚ್ಚಿನ ಪ್ರತಿಗಳನ್ನು ಕಳುಹಿಸಿಬಿಡುವುದು ಒಳ್ಳೆಯದು. ೨೦೧೮ರ ಆಗಸ್ಟ್‌ನ ಭೂಕುಸಿತಗಳಲ್ಲಿ ಮನೆಗಳೇ ಜಾರಿಹೋದಾಗ ಅವುಗಳಲ್ಲಿದ್ದ ಪುಸ್ತಕ, ಕಾಗದಪತ್ರಗಳೂ ಮಣ್ಣುಪಾಲಾದವು.

ಪ್ರಕಾಶನದ ಕ್ರಮ ಮತ್ತು ಲೆಕ್ಕ

ಪುಸ್ತಕ ತಯಾರಿಕೆಯ ಅಳತೆ ಫಾರಂ. ಡೆಮಿ ಅಷ್ಟಪತ್ರ ಆಕಾರದಲ್ಲಿ ಒಂದು ಫಾರಂ ಎಂದರೆ ೧೬ ಪುಟ. ೨೦೦ ಪುಟಗಳ ಕಾದಂಬರಿ ಹನ್ನೆರಡೂವರೆ ಫಾರಂ ಆಗುತ್ತದೆ. ೧೯೨ ಪುಟಕ್ಕೆ ತಂದರೆ ಸರಿಯಾಗಿ ಹನ್ನೆರಡು. ಅನುಭವಿ ಸಂಪಾದಕರು ಕೊನೆಯ ಎಂಟು ಪುಟಗಳನ್ನು ಕಡಿಮೆ ಮಾಡಲು ಹೇಳುವುದರ ಹಿಂದೆ ಸಾಹಿತ್ಯವಿಮರ್ಶೆ ಇದ್ದೇ ಇರುತ್ತದೆಂದು ಲೇಖಕರು ಭಾವಿಸಬೇಕಾಗಿಲ್ಲ. ಆಫ್‌ಸೆಟ್ ಮುದ್ರಣದಲ್ಲಿ ತಟ್ಟೆಗಳ ಖರ್ಚು ಸ್ಥಿರವಾದದ್ದರಿಂದ ಪ್ರತಿಗಳು ಹೆಚ್ಚಿದಂತೆ ತಲಾ ವೆಚ್ಚ ಇಳಿಯುತ್ತದೆ. ಹಿಂದೆ ಸಾವಿರ ಪ್ರತಿಯ ಮೊದಲ ಮುದ್ರಣ ವಾಡಿಕೆಯಾಗಿತ್ತು. ಡಿಜಿಟಲ್ ಮುದ್ರಣ ಬಂದ ಮೇಲೆ ನೂರಿನ್ನೂರು ಪ್ರತಿಗಳನ್ನು ಮಾತ್ರ ತೆಗೆಸಿ, ಬೇಡಿಕೆ ಬಂದಂತೆ ಮತ್ತೆ ತೆಗೆಸುವುದು ಸಾಧ್ಯವಾಗಿದೆ. ದಾಸ್ತಾನಿನ ಅಪಾಯವಿರುವ ಮಳೆನಾಡಿಗೆ ಇದು ವರದಾನ.

ಕನ್ನಡ ಪ್ರಕಾಶನದ ಲೆಕ್ಕಾಚಾರದಲ್ಲಿ ಸರ್ಕಾರದ ಗ್ರಂಥಾಲಯ ಖರೀದಿಗೆ ನಿರ್ಣಾಯಕ ಸ್ಥಾನವಿದೆ. ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಮೇರೆಗೆ ಸಂಗ್ರಹವಾಗುವ ಗ್ರಂಥಾಲಯ ಕರ ಈ ವ್ಯವಸ್ಥೆಯ ಮೂಲ. ಸಗಟು ಖರೀದಿ ಯೋಜನೆಯಲ್ಲಿ ಆಯ್ಕೆ ಸಮಿತಿ ಒಪ್ಪಿದ ಕೃತಿಯ ಸಾಮಾನ್ಯವಾಗಿ ೩೦೦ ಪ್ರತಿಗಳನ್ನು, ಪುಟಕ್ಕಿಷ್ಟೆಂದು ನಿಗದಿಯಾದ ದರದಲ್ಲಿ ಕೊಳ್ಳಲಾಗುತ್ತದೆ. ಐನೂರು ಪ್ರತಿ ಅಚ್ಚುಹಾಕಿದವನಿಗೆ ಅದು ಅರ್ಧಕ್ಕಿಂತ ಹೆಚ್ಚು. ಹಣ ತಡವಾಗಿ ಬರುತ್ತದೆಂಬುದು ಪ್ರಕಾಶಕರ ಹಳೆಯ ದೂರು. ಆದರೂ ಆ ಆಯ್ಕೆಯನ್ನು ನಂಬಿಯೇ ಅನೇಕ ಪುಸ್ತಕಗಳು ಹೊರಬರುತ್ತವೆ. ದೆವ್ವದ ಕಾದಂಬರಿಯ ಪ್ರಕಾಶಕ ಈ ಆಯ್ಕೆಯನ್ನು ನೆಚ್ಚಿಕೊಂಡು ಲೆಕ್ಕ ಹಾಕದಿರುವುದು ಕ್ಷೇಮ. ಅವನು ಓದುಗರಿಗೆ ನೇರವಾಗಿ ಮಾರಬೇಕಾಗುತ್ತದೆ; ಒಂದು ವಿಧದಲ್ಲಿ ಅದು ಅವನ ಸ್ವಾತಂತ್ರ್ಯವೂ ಹೌದು. ವಿತರಕರ ರಿಯಾಯಿತಿ, ಲೇಖಕರಿಗೆ ವಾಡಿಕೆಯ ನೂರಕ್ಕೆ ಹತ್ತರ ಗೌರವಧನ, ಮುಖಪುಟದ ಕಲಾವಿದರ ಸಂಭಾವನೆ, ಕರಡು ತಿದ್ದುವವರ ಕೂಲಿ ಇವನ್ನು ಕಳೆದ ಮೇಲೆ ಉಳಿಯುವುದು ಅಲ್ಪ.

ನೇರ ಮಾರಾಟದ ಬೆನ್ನೆಲುಬು ಅಂಚೆ. ಕಡಿಮೆ ದರದ ನೋಂದಾಯಿತ ಬುಕ್ ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ ೨೦೨೪ರ ಡಿಸೆಂಬರಿನಲ್ಲಿ ನಿಲ್ಲಿಸಿದಾಗ ಸಣ್ಣ ಪ್ರಕಾಶಕರಿಗೆ ಪೆಟ್ಟು ಬಿತ್ತು. ೨೦೨೫ರ ಮೇ ತಿಂಗಳಿನಿಂದ ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗಾಗಿ ‘ಜ್ಞಾನ ಪೋಸ್ಟ್’ ಎಂಬ ಸೇವೆ ಆರಂಭವಾಗಿದೆ. ಇ–ಪುಸ್ತಕ ಮತ್ತು ಧ್ವನಿಪುಸ್ತಕಗಳು ಅಂಚೆಯ ಹಂಗನ್ನು ತಪ್ಪಿಸುತ್ತವೆ. ಭೂತಕಥೆ ಮೂಲತಃ ಕತ್ತಲಲ್ಲಿ ಕಿವಿಗೆ ಹೇಳಿದ್ದಾದ್ದರಿಂದ ಧ್ವನಿರೂಪ ಅದಕ್ಕೆ ಸಹಜವಾಗಿ ಒಗ್ಗುತ್ತದೆ.

ಕಾನೂನಿನ ಔಪಚಾರಿಕತೆಗಳು ಹೆಚ್ಚಿಲ್ಲ. ಭಾರತದಲ್ಲಿ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ನೀಡುತ್ತದೆ. ೧೯೫೪ರ ಪುಸ್ತಕ ಸಲ್ಲಿಕೆ ಕಾಯಿದೆಯಂತೆ ಪ್ರಕಟವಾದ ೩೦ ದಿನಗಳೊಳಗೆ ಕೊಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಹಾಗೂ ಚೆನ್ನೈ, ಮುಂಬಯಿ, ದೆಹಲಿಗಳ ನಿಗದಿತ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳುಹಿಸಬೇಕು. ತಪ್ಪಿದರೆ ಐವತ್ತು ರೂಪಾಯಿಯವರೆಗಿನ ದಂಡ ಮತ್ತು ಪುಸ್ತಕದ ಬೆಲೆ. ದಂಡ ಇಷ್ಟು ಕಡಿಮೆಯಾದ್ದರಿಂದ ಅನೇಕರು ಅದನ್ನು ಅಲಕ್ಷಿಸುತ್ತಾರೆ. ಬಾಡಿಗೆ ಗ್ರಂಥಾಲಯಗಳ ಕಾಲದ ಪ್ರಕಾಶಕರು ಈ ಪ್ರತಿಗಳನ್ನು ತಪ್ಪದೆ ಕಳುಹಿಸಿದ್ದರೆ ಅಂದಿನ ಪುಸ್ತಕಗಳು ಇಂದು ಕನಿಷ್ಠ ನಾಲ್ಕು ಊರುಗಳಲ್ಲಿ ಇರುತ್ತಿದ್ದವು. ಪುಸ್ತಕಗಳ ನೋಂದಣಿಗೆ ಆಧಾರವಾಗಿದ್ದ ೧೮೬೭ರ ಕಾಯಿದೆ ರದ್ದಾಗಿ ಅದರ ಸ್ಥಾನಕ್ಕೆ ಬಂದ ೨೦೨೩ರ ಕಾಯಿದೆ ನಿಯತಕಾಲಿಕಗಳಿಗೆ ಮಾತ್ರ ಸಂಬಂಧಿಸಿದ್ದು. ಹೀಗಾಗಿ ಈಗ ೧೯೫೪ರ ಕಾಯಿದೆಯ ಮಹತ್ವ ಇನ್ನೂ ಹೆಚ್ಚಿದೆ.

ಮರುಮುದ್ರಣ ಮತ್ತು ಹಕ್ಕುಸ್ವಾಮ್ಯ

೧೯೫೭ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕನು ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ ೬೦ ವರ್ಷಗಳವರೆಗೆ ಹಕ್ಕು ವಾರಸುದಾರರಲ್ಲಿರುತ್ತದೆ. ಗಳಗನಾಥ, ಪಂಜೆ, ನಡಿಕೇರಿಯಂಡ ಚಿಣ್ಣಪ್ಪ ಇವರ ಕೃತಿಗಳು ಈಗಾಗಲೇ ಸಾರ್ವಜನಿಕ ಸ್ವತ್ತಾಗಿವೆ. ಮ. ರಾಮಮೂರ್ತಿಯವರ ಕಾದಂಬರಿಗಳ ಹಕ್ಕು ೨೦೨೭ರ ಡಿಸೆಂಬರ್ ೩೧ಕ್ಕೆ ಮುಗಿಯುತ್ತದೆ. ೨೦೨೮ರ ಜ‌ನವರಿ ೧ರಿಂದ ಯಾರು ಬೇಕಾದರೂ ಅವುಗಳನ್ನು ಅಚ್ಚುಹಾಕಬಹುದು. ಎನ್. ನರಸಿಂಹಯ್ಯನವರ ಕೃತಿಗಳಿಗೆ ೨೦೭೧ರ ಕೊನೆಯವರೆಗೂ ವಾರಸುದಾರರ ಅನುಮತಿ ಬೇಕು. ಹಕ್ಕುದಾರರು ಪತ್ತೆಯಾಗದ ಕೃತಿಗಳಿಗೆ ಕಾಯಿದೆಯ ೩೧ಎ ಕಲಮಿನ ಅಡಿಯಲ್ಲಿ ಪರವಾನಗಿ ಕೋರುವ ಮಾರ್ಗವಿದೆ. ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಅರ್ಜಿ ಸಲ್ಲಿಸಬೇಕಾದ್ದರಿಂದ ಮುನ್ನೂರು ಪ್ರತಿಯ ಪುಸ್ತಕಕ್ಕೆ ಅದು ಭಾರವೇ.

ಹಕ್ಕು ಮುಗಿದ ಮಾತ್ರಕ್ಕೆ ಪುಸ್ತಕ ಕೈಗೆ ಬರುವುದಿಲ್ಲ. ಪೂರ್ಣ ಪ್ರತಿ ಸಿಗಬೇಕು. ಮುಖಪುಟ ಹಾರಿಹೋದ, ಕೊನೆಯ ಫಾರಂ ಕಳಚಿದ ಪ್ರತಿಗಳೇ ಹೆಚ್ಚು; ಪತ್ತೇದಾರಿ ಕಾದಂಬರಿಗೆ ಕೊನೆಯ ಫಾರಂ ಇಲ್ಲದಿದ್ದರೆ ಏನು ಗತಿ ಎಂಬುದನ್ನು ವಿವರಿಸಬೇಕಾಗಿಲ್ಲ. ಎರಡು ಮೂರು ಹರಿದ ಪ್ರತಿಗಳನ್ನು ಕೂಡಿಸಿ ಒಂದು ಪೂರ್ಣ ಪಠ್ಯ ಕಟ್ಟುವುದು, ಹಳೆಯ ಮೊಳೆಯಚ್ಚಿನ ದೋಷಗಳನ್ನು ತಿದ್ದುವುದು, ಮೊದಲ ಮುದ್ರಣದ ವರ್ಷವನ್ನು ಜಾಹೀರಾತುಗಳಿಂದ ಊಹಿಸುವುದು ಈ ಕೆಲಸದ ಭಾಗ. ಹಕ್ಕು ಮುಗಿದ ಕೃತಿಗಳ ಬಿಂಬಪ್ರತಿಗಳನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ, ಪಠ್ಯವನ್ನು ಕನ್ನಡ ವಿಕಿಸೋರ್ಸ್‌ನಲ್ಲಿ ಸೇರಿಸಬಹುದು. ಹಳೆಯ ಬಾಡಿಗೆ ಗ್ರಂಥಾಲಯದ ಮೊಹರು ಇರುವ ಕಾದಂಬರಿಗಳು ಮನೆಯ ಅಟ್ಟದಲ್ಲೋ ಶಾಲೆಯ ಹಳೆಯ ಬೀರುವಿನಲ್ಲೋ ದೊರೆತರೆ, ರದ್ದಿಗೆ ಹಾಕುವ ಮೊದಲು ಶೀರ್ಷಿಕೆ ಪುಟ ಮತ್ತು ಅದರ ಹಿಂಬದಿಯ ಚಿತ್ರವನ್ನಾದರೂ ತೆಗೆದಿಟ್ಟುಕೊಳ್ಳಬೇಕು. ಮುದ್ರಣಾಲಯದ ಹೆಸರು, ಊರು, ಪ್ರತಿಗಳ ಸಂಖ್ಯೆ, ಬೆಲೆ ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ.